ಬೆಟ್ಟದ ಮೇಲಿನ ಆಕಾಶ ಷಡ್ಡಕನ ಪಾಲಿಗೆ ಮಾತ್ರವೇ?

ಡ್ರೋನ್ ಹಾರಿಸಲು ಅಪ್ಪಣೆ ಕೊಡುವ ಮಾನ್ಯ ಅಧಿಕಾರಿಗಳೇ,

ಒಂದೇ ಬೆಟ್ಟ, ಒಂದೇ ಕೆರೆ, ಒಂದೇ ಆಕಾಶ. ಅಲ್ಲಿ ಕ್ಯಾಮೆರಾ ಡ್ರೋನ್ ಹಾರಿಸಲು ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ, ಮೂರೇ ದಿನದಲ್ಲಿ ಅನುಮತಿ ಕೊಟ್ಟಿರಿ. ನನ್ನ ಅರ್ಜಿಯನ್ನು ಏಳು ತಿಂಗಳು ಇಟ್ಟುಕೊಂಡು ತಿರಸ್ಕರಿಸಿದಿರಿ. ಇದು ಅನ್ಯಾಯ ಎಂದು ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಇದು ಹೊಟ್ಟೆಕಿಚ್ಚು ಎಂದೂ ಗೊತ್ತಾಯಿತು. ಎರಡೂ ಒಟ್ಟಿಗೆ ನಿಜವಾಗಿರಬಾರದು ಎಂಬ ನಿಯಮವೇನಾದರೂ ನಿಮ್ಮಲ್ಲಿದ್ದರೆ ತಿಳಿಸಿ.

ನಾನು ಕ್ಯಾನ್ವಾಸ್ ಹೊಲಿಯುವವನು. ಟೆಂಟು, ಬೆನ್ನಿನ ಚೀಲ, ಲಾರಿಯ ಟಾರ್ಪಾಲು ನನ್ನ ಕಸುಬು. ನಾನೇ ಹೊಲಿದ ಟೆಂಟು ಹೊತ್ತು ನಾನೂ ನನ್ನ ಹೆಂಡತಿಯೂ ಹದಿಮೂರು ವರ್ಷ ಆ ಬೆಟ್ಟ ಹತ್ತಿದ್ದೇವೆ. ತುದಿಯಲ್ಲಿ ಒಂದು ಬಂಡೆಯ ಮರೆಯಲ್ಲಿ ತಂಗಿ, ಬೆಳಿಗ್ಗೆ ಕೆಳಗಿನ ಕೆರೆಯಿಂದ ಮಂಜು ಏಳುವುದನ್ನು ನೋಡುತ್ತಾ ಟೀ ಕುಡಿದಿದ್ದೇವೆ. ಎರಡು ವರ್ಷದ ಹಿಂದೆ ಅವಳ ಮಂಡಿಗೆ ಆಪರೇಷನ್ ಆಯಿತು. ಇನ್ನು ಬೆಟ್ಟದ ಮಾತು ಬಿಡಿ ಎಂದರು ಡಾಕ್ಟರು.

ಆಮೇಲೆ ಬಂತು ಷಡ್ಡಕನ ಡ್ರೋನು. ಈ ಮಹಾಶಯ ಜನ್ಮದಲ್ಲಿ ಒಂದು ದಿಣ್ಣೆ ಹತ್ತಿದವನಲ್ಲ. ಬುಡದಲ್ಲಿ ಕಾರು ನಿಲ್ಲಿಸಿ, ಮಡಚುವ ಕುರ್ಚಿ ಹಾಕಿಕೊಂಡು, ಎರಡು ಹೆಬ್ಬೆರಳು ಆಡಿಸಿ ತುದಿ ಮುಟ್ಟುತ್ತಾನೆ. ಆ ಡ್ರೋನು ಇಡಲು ಒಳಗೆ ಸ್ಪಂಜು ಕೊಟ್ಟು ಚೀಲ ಹೊಲಿದುಕೊಟ್ಟ ಮಹಾನುಭಾವನೂ ನಾನೇ. ಒಂದು ಸಂಜೆ ನಮ್ಮ ಮನೆಯ ಟೀವಿಗೆ ಫೋನು ಜೋಡಿಸಿ ತಾನು ಹಿಡಿದ ಚಿತ್ರ ತೋರಿಸಿದ. ನನ್ನ ಹೆಂಡತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಅಲ್ಲಿ ನೋಡಿ, ನಾವು ಟೆಂಟ್ ಹಾಕ್ತಿದ್ದ ಬಂಡೆ" ಎಂದು ನನಗೆ ಬೆರಳಿಟ್ಟು ತೋರಿಸಿದಳು. ಆಮೇಲೆ ಅವನ ಕಡೆ ತಿರುಗಿ, "ಭಾವ, ನೀವಿಲ್ಲದಿದ್ರೆ ಇದನ್ನ ನಾನಿನ್ನು ನೋಡ್ತಾನೇ ಇರಲಿಲ್ಲ" ಎಂದಳು.

ಮಾನ್ಯರೇ, ಹದಿಮೂರು ವರ್ಷ ಅವಳ ಕೈ ಹಿಡಿದು ಹತ್ತಿಸಿದವನು ಯಾರು, ಹೊಗಳಿಸಿಕೊಂಡವನು ಯಾರು? ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮುಂದಿನ ಸಲ ಹದ್ದೊಂದು ಅವನ ಡ್ರೋನನ್ನು ಕುಕ್ಕಿ ಕೆಡವಲಿ ಎಂದು ಮನಸಾರೆ ಹಾರೈಸಿದೆ. ಹದ್ದುಗಳೂ ಅವನ ಕಡೆಯೇ ಎಂದು ಕಾಣುತ್ತದೆ.

ಆ ವಾರ ಎರಡು ಕೆಲಸ ಮಾಡಿದೆ. ಗಿರಾಕಿಯೊಬ್ಬರಿಂದ ಹಳೆಯ ಡ್ರೋನು ಕೊಂಡು ನಿಮ್ಮಲ್ಲಿ ಅರ್ಜಿ ಹಾಕಿದೆ. ಅದೇ ದಿನ, ಹೆಸರು ಹಾಕದೆ, ಆ ಬೆಟ್ಟದಲ್ಲಿ ಡ್ರೋನು ಹಾರಿಸಿ ಹಕ್ಕಿಗಳಿಗೆ ಕಾಟ ಕೊಡುತ್ತಿದ್ದಾರೆ ಎಂದು ನಿಮಗೇ ದೂರು ಬರೆದೆ. ಹಕ್ಕಿಗಳ ಮೇಲೆ ನನಗೆ ಅಷ್ಟೊಂದು ಮಮತೆ ಅಂದಿನವರೆಗೆ ಇರಲಿಲ್ಲ.

ನಿಮ್ಮ ತಿರಸ್ಕಾರ ಪತ್ರ ಹೇಳುತ್ತದೆ: "ಸದರಿ ಸ್ಥಳದ ಕುರಿತು ಸಾರ್ವಜನಿಕರಿಂದ ದೂರು ಬಂದಿರುವುದರಿಂದ ಹೊಸ ಅನುಮತಿ ನೀಡಲಾಗುವುದಿಲ್ಲ." ಹಳೆಯ ಅನುಮತಿ ಇದ್ದವರಿಗೆ ಮಾತ್ರ ಬಾಧಕವಿಲ್ಲವಂತೆ. ಅಂದರೆ ಷಡ್ಡಕನಿಗೆ ತೋಡಿದ ಗುಂಡಿಗೆ ನಾನೇ ಬಿದ್ದೆ. ಅಲ್ಲ ಸ್ವಾಮಿ, ನಿಮ್ಮಲ್ಲಿ ಯಾರಾದರೂ ಹೋಗಿ ಆ ಹಕ್ಕಿಗಳನ್ನು ನೋಡಿದಿರಾ? ಹೊಸ ಡ್ರೋನಿನಿಂದ ತೊಂದರೆ ಎಂದಾದರೆ ಹಳೆಯದು ಹಕ್ಕಿಗಳ ಒಪ್ಪಿಗೆ ಪಡೆದು ಹಾರುತ್ತದೆಯೇ? ತೀರಾ ಸುಳ್ಳನ್ನೂ ವಿಚಾರಣೆಯಿಲ್ಲದೆ ನಂಬುವ ನೀವು, ನನ್ನ ನಿಜವಾದ ಅರ್ಜಿಯನ್ನು ಮಾತ್ರ ಏಳು ತಿಂಗಳು ಅನುಮಾನದಿಂದ ನೋಡಿದ್ದು ಏಕೆ?

ನಿಮ್ಮ ಕಚೇರಿಗೆ ಬಂದು ಕೇಳಿದೆ. ಕಿಟಕಿಯಲ್ಲಿದ್ದ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು, ಕಡತ ತೆಗೆದು ತೋರಿಸಿದರು.

"ದೂರು ಕೊಟ್ಟವರೇ ಬಂದು ವಾಪಸ್ ತಗೊಂಡ್ರೆ ನಿಮ್ಮದು ಆಗುತ್ತೆ ಸಾರ್. ಆದ್ರೆ ಹೆಸರೇ ಹಾಕಿಲ್ಲ ನೋಡಿ. ಯಾರಿಗೆ ಏನು ಹೊಟ್ಟೆ ಉರಿನೋ" ಎಂದರು.

"ಇರುತ್ತಾರಮ್ಮ ಅಂಥ ಜನ" ಎಂದು ಹೇಳಿ ಬಂದುಬಿಟ್ಟೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. "ಮೊದಲು ಭಾವನ ಹತ್ತಿರ ತಪ್ಪಾಯ್ತು ಅನ್ನಿ. ಆಮೇಲೆ ಮಿಕ್ಕಿದ್ದು" ಎಂದಳು. ಹೋಗಿ ಹೇಳಿದೆ. ಅವನು ಬೈದಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದೆ. ಬೈಯಲಿಲ್ಲ. ನನ್ನ ಭುಜ ತಟ್ಟಿ, "ಅಷ್ಟೇನಾ ಮಾರಾಯ? ಮೊದಲೇ ಹೇಳಬಾರದಾ? ಭಾನುವಾರ ಇಬ್ಬರೂ ನನ್ನ ಕಾರಲ್ಲೇ ಬನ್ನಿ. ಹಾರಿಸೋದು ನಾನೇ ಕಲಿಸ್ತೀನಿ" ಎಂದ. ಅವನ ಡ್ರೋನಿಗೆ ಉರಿದದ್ದಕ್ಕಿಂತ ಅವನ ಒಳ್ಳೆಯತನಕ್ಕೆ ಹೆಚ್ಚು ಉರಿಯಿತು. ನನ್ನ ಹೆಂಡತಿ ಆಗಲೇ ಆಯ್ತು ಎಂದಿದ್ದಾಳೆ, ಟೀ ಫ್ಲಾಸ್ಕು ತೊಳೆದಿಟ್ಟಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ದೂರು ನನ್ನದು, ಸುಳ್ಳು, ಇದೋ ಈ ಬಹಿರಂಗ ಪತ್ರದಲ್ಲಿ ಹತ್ತು ಜನರ ಮುಂದೆ ಹಿಂತೆಗೆದುಕೊಂಡಿದ್ದೇನೆ. ದಂಡನೆ ಏನಿದ್ದರೂ ವಿಧಿಸಿ. ಆದರೆ ಅರ್ಧ ಗಂಟೆಯ ಅನುಮತಿಯನ್ನು ನನ್ನ ಹೆಸರಿನಲ್ಲಿ ಕೊಡಿ. ಆ ಕೆರೆಯನ್ನು ನನ್ನ ಹೆಂಡತಿಗೆ ನಾನು ತೋರಿಸಬೇಕು, ನಾನೇ. ಷಡ್ಡಕನ ಕಾರು ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಬಾಗಿಲಿಗೆ ಬರುತ್ತದೆ. ನಿಮ್ಮ ಪತ್ರ ಶನಿವಾರವೇ ಬರಲಿ.

ಇಂತಿ,
ನೀವು 'ಸಾರ್ವಜನಿಕರು' ಎಂದು ಗೌರವದಿಂದ ಕರೆದ ಒಬ್ಬನೇ ಒಬ್ಬ ಹೊಟ್ಟೆಕಿಚ್ಚಿನ ಟೆಂಟು ಹೊಲಿಯುವವ