ತೂಬು ಮುಚ್ಚಿರಲಿ

ಅರಸೀಕೆರೆ
13 ನವೆಂಬರ್ 2005

ಪ್ರೀತಿಯ ಅಣ್ಣಾ, ಜೈಭೀಮ್.

ನಿನ್ನ ಕೈ ಗಾಯ ಮಾಗಿತೇ? ಕಾಶ್ಮೀರದಲ್ಲಿ ನಿಮ್ಮ ಪಡೆಯ ಭೂಕಂಪ ಪರಿಹಾರದ ಕೆಲಸ ಇನ್ನೂ ಮುಗಿದಿಲ್ಲವೆಂದು ನಿನ್ನ ಕಾಗದದಲ್ಲಿ ಓದಿದೆ. ಆ ಚಳಿಯಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡೇ ಮಲಗಬೇಡ, ನಿನ್ನ ಅಭ್ಯಾಸ ನನಗೆ ಗೊತ್ತು. ಇಲ್ಲಿ ನನ್ನ ಜೊತೆಗಿರುವ ಅವ್ವ ಈಗ ಎದ್ದು ಓಡಾಡುತ್ತಾಳೆ. ಎರಡು ತುತ್ತು ಉಂಡು ತಟ್ಟೆ ಸರಿಸುತ್ತಾಳೆ. ಅಪ್ಪನ ಮಣ್ಣಿಗೂ ಬರಲಾಗಲಿಲ್ಲವೆಂದು ನೀನು ಬರೆದ ಸಾಲನ್ನು ಅವಳಿಗೆ ಓದಿ ಹೇಳಲಿಲ್ಲ.

ಕೆರೆ ಏರಿ ಒಡೆದು ಅಪ್ಪ ಹೋದ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಪೂರ್ತಿ ಹೇಳುವ ಧೈರ್ಯ ಆಗ ಇರಲಿಲ್ಲ. ನಮ್ಮೂರ ಕೆರೆಯ ನೀರನ್ನು ಯಾವಾಗ ಬಿಡಬೇಕು, ಯಾವಾಗ ಹಿಡಿದಿಡಬೇಕು ಎಂದು ಹೇಳುವ ಪ್ರೋಗ್ರಾಮ್ ಒಂದನ್ನು ನಾನು ಕೆಲಸಕ್ಕಿರುವ ಕಾಲೇಜಿನಲ್ಲಿ ಮಾಡುತ್ತಿದ್ದೆನಲ್ಲ, "ನೀರುಗಂಟಿ ಮಗಳು ಕಂಪ್ಯೂಟ್ರಿಗೆ ನೀರು ಕಟ್ಟೋದು ಕಲಿಸ್ತಾವ್ಳೆ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ಅದು ತಪ್ಪಿ ತಪ್ಪಿಯೇ ಕಲಿಯುತ್ತದೆ. ಸರಿಯಾದ ತೀರ್ಮಾನಕ್ಕೆ ಅಂಕ ಕೊಡುತ್ತೇವೆ, ತಪ್ಪಿಗೆ ಕಳೆಯುತ್ತೇವೆ; ಸಾವಿರಾರು ಸಲ ಆಡಿದ ಮೇಲೆ ಅಂಕ ಹೆಚ್ಚಾಗುವ ದಾರಿಯನ್ನು ಅದೇ ಹಿಡಿಯುತ್ತದೆ. ನಾನು ಎರಡು ಮಾದರಿ ಮಾಡಿದ್ದೆ. ಒಂದಕ್ಕೆ, ಬೇಸಿಗೆಗೆ ನೀರು ಉಳಿಸಿದರೆ ಅಂಕ. ಇನ್ನೊಂದಕ್ಕೆ, ಕೆರೆ ಅಂಚಿನವರೆಗೆ ತುಂಬಿ ನಿಂತರೆ ಅಂಕ ಕಳೆಯುವ ನಿಯಮವೂ ಇತ್ತು. ಇಪ್ಪತ್ತು ವರ್ಷದ ಮಳೆಯ ದಾಖಲೆಯ ಮೇಲೆ ಎರಡನ್ನೂ ಪರೀಕ್ಷಿಸಿದಾಗ ಮೊದಲನೆಯದೇ ಗೆದ್ದಿತು. ಆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ದೊಡ್ಡ ಮಳೆ ಬಂದಿರಲಿಲ್ಲ ಅಣ್ಣಾ. ಅದು ನನಗೆ ಹೊಳೆಯಲೇ ಇಲ್ಲ. ಗೆದ್ದದ್ದನ್ನು ಆರಿಸಿ ಕೆರೆ ಸಂಘಕ್ಕೆ ಕೊಟ್ಟೆ.

ಅಕ್ಟೋಬರ್ ಇಪ್ಪತ್ನಾಲ್ಕರ ಸೋಮವಾರ, ಮೂರು ದಿನದ ಜಡಿಮಳೆಯ ನಡುವೆ, ಸಂಘದ ಅಧ್ಯಕ್ಷರಾದ ಗಂಗಾಧರಪ್ಪನವರು ಕಾಲೇಜಿಗೆ ಫೋನ್ ಮಾಡಿ ತೂಬು ಎತ್ತಿ ನೀರು ಬಿಡುವುದೋ ಬೇಡವೋ ಎಂದು ಕೇಳಿದರು. ಪ್ರೋಗ್ರಾಮ್ ಓಡಿಸಿದೆ. ಮುಚ್ಚಿರಲಿ ಎಂದಿತು. ಅಷ್ಟರಲ್ಲಿ ಅಪ್ಪ ಫೋನ್ ಇಸಿದುಕೊಂಡ. "ಏರಿ ಬುಡದಾಗೆ ಕೆಂಪು ನೀರು ಒಸರ್ತಾ ಐತೆ ಕಣವ್ವಾ. ಮಣ್ಣು ಕಲಸ್ಕಂಡು ಬತ್ತಾ ಐತೆ. ಎರಡಡಿ ಇಳಿಸ್ಬುಡಾನಾ?" ಅಂದ. ಮೂವತ್ತು ವರ್ಷ ನೀರುಗಂಟಿಯಾಗಿ ತೂಬು ಕಾಯುತ್ತ ಆ ಏರಿಯ ಮೇಲೆ ನಡೆದವನು ಕೇಳುತ್ತಿದ್ದ. ಪ್ರೋಗ್ರಾಮಿಗೆ ಏರಿಯ ವಿಷಯವನ್ನು ನಾನು ಹೇಳಿಯೇ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಮಳೆ ಮತ್ತು ನೀರಿನ ಮಟ್ಟ ಮಾತ್ರ. ಆದರೂ "ಇಪ್ಪತ್ತು ವರ್ಷದ ಮಳೆ ನೋಡಿ ಹೇಳ್ತಾ ಇದೆ ಅಪ್ಪಾ, ಮುಚ್ಚಿರಲಿ" ಎಂದೆ. "ಆಯ್ತು ಕಣವ್ವಾ, ನೀನು ಓದಿರೋಳು" ಅಂದ. ಅಷ್ಟೇ, ಮತ್ತೆ ಅವನ ದನಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಏರಿಯ ಒಂದು ಮಗ್ಗುಲು ಕುಸಿಯಿತಂತೆ. ಅಪ್ಪ ನಮ್ಮ ಕೇರಿಯ ಬಾಗಿಲು ಬಾಗಿಲು ಬಡಿದು ಎಲ್ಲರನ್ನೂ ಸ್ಕೂಲಿನ ದಿಬ್ಬಕ್ಕೆ ಅಟ್ಟಿದ. ಹಾಸಿಗೆ ಹಿಡಿದಿದ್ದ ಮುನಿಯಮ್ಮಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದ. ಆಮೇಲೆ ತೂಬು ಎತ್ತಲು ವಾಪಸ್ ಹೋದ. ಅವ್ವ ಅಂಗಿ ಹಿಡಿದು ಎಳೆದರೂ ನಿಲ್ಲಲಿಲ್ಲ. ತೂಬು ಅರ್ಧ ಎತ್ತಿದ್ದ, ಅಷ್ಟರಲ್ಲಿ ಏರಿ ಒಡೆದುಹೋಯಿತು. ಕೇರಿಯ ಹದಿನಾಲ್ಕು ಮನೆ ಕೊಚ್ಚಿಹೋದವು, ಒಂದು ಜೀವವೂ ಹೋಗಲಿಲ್ಲ, ಅವನದ್ದೊಂದು ಬಿಟ್ಟು. ಮೂರನೆಯ ದಿನ ರಾಗಿ ಹೊಲದ ಬದುವಿನಲ್ಲಿ ಸಿಕ್ಕಿದ. ಮುಖ ತೊಳೆದವಳು ನಾನೇ. ಕಿವಿಯಲ್ಲಿದ್ದ ಮಣ್ಣು ಎಷ್ಟು ತೆಗೆದರೂ ಬರುತ್ತಲೇ ಇತ್ತು.

ನೀನು ಬೈದು ಬರೆದರೂ ಓದುತ್ತೇನೆ. ಮೈ ಜೋಪಾನ. ನಿನ್ನ ಜೊತೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಲತಾಮಣಿ

ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ: ನೀರುಗಂಟಿ ಮರಿಯಣ್ಣ ಅಪ್ಪಣೆಯಿಲ್ಲದೆ ತೂಬು ಎತ್ತಿದ್ದರಿಂದಲೇ ಏರಿ ಒಡೆಯಿತೆಂದು ಸಂಘದವರು ಅಪ್ಪನ ಮೇಲೆಯೇ ಹೊರಿಸಿ ಬರೆದುಕೊಟ್ಟಿದ್ದಾರೆ. "ಸತ್ತೋರಿಗೆ ಇನ್ನೇನು ಆಗಬೇಕಾಗೈತೆ ಹೇಳಮ್ಮಾ, ನಿನ್ನ ಕೆಲಸನಾದ್ರೂ ಉಳೀಲಿ" ಎಂದರು ಗಂಗಾಧರಪ್ಪನವರು. ನಾಳೆ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಮುಚ್ಚಿರಲಿ ಎಂದವಳು ನಾನು ಎಂದು ಬರೆದು ಸಹಿ ಹಾಕುತ್ತೇನೆ. ಈ ಕಾಗದ ನಿನ್ನನ್ನು ಮುಟ್ಟುವಷ್ಟರಲ್ಲಿ ಅದು ಆಗಿಹೋಗಿರುತ್ತದೆ. ಅವ್ವನಿಗೆ ಮಾತ್ರ ಇದನ್ನು ಇನ್ನೂ ಹೇಳಿಲ್ಲ. ಅಣ್ಣಾ, ಅದನ್ನು ಹೇಳುವ ಹೊತ್ತಿಗೆ ನೀನು ಬಾ.