ಬಸ್ಸಿನ ಮೊದಲ ಮೆಟ್ಟಿಲು

ಜನವರಿ 6, ಮಂಗಳವಾರ

ಮಾತ್ರೆ ಆಯಿತು. ಬೆರಳಿನ ಊತ ಇಲ್ಲ, ಮಂಡಿಯದೂ ಇಲ್ಲ. ಅವ್ವ ತಲೆ ಬಾಚಿದಳು — ನಲವತ್ತೆರಡು ವರ್ಷದ ಕಂಡಕ್ಟರಿಗೆ ಎರಡು ಜಡೆ ಹಾಕುವುದೊಂದು ಬಾಕಿ! ಡಾಕ್ಟರು ರುಮಟಾಯ್ಡ್ ಅಂದ ದಿನದಿಂದ ನನ್ನನ್ನು ಬಾಣಂತಿ ಮಾಡಿ ಕೂರಿಸಿದ್ದಾಳೆ. ಅವಳ ಪಾಲಿಗೆ ಅದು ಕೀಲುವಾಯು. ಮೊಟ್ಟೆ ವಾಯು, ಅವರೆಕಾಳು ವಾಯು, ಬಾಡು ವಾಯು. ಉಳಿದದ್ದು ಗಂಜಿ, ತಿಳಿಸಾರು.

ಇವತ್ತಿಗೆ ರಜೆ ಮುಗಿಯಿತು. ನಾಳೆಯಿಂದ ಮತ್ತೆ ಮಂಡ್ಯ–ಕೆರಗೋಡು ಬಸ್ಸು. ಖುಷಿಯೋ ಖುಷಿ.

ಜನವರಿ 7

ಹತ್ತಲಾಗಲಿಲ್ಲ.

ನೋವಿಲ್ಲ, ಅದೇ ಆಶ್ಚರ್ಯ. ಕಾಲು ಮೊದಲ ಮೆಟ್ಟಿಲ ಮೇಲಿದೆ, ಮೈ ಮೇಲಕ್ಕೆ ಬರುತ್ತಿಲ್ಲ. ಡ್ರೈವರ್ ಕೆಂಪರಾಜು ಕೈ ಹಿಡಿದು ಎಳೆದ. "ಏನಕ್ಕಾ, ಬಸ್ಸೇನ್ ಎತ್ರ ಆಗೋಯ್ತಾ?" ನಕ್ಕೆ. ಆಮೇಲೆ ಅವಮಾನವಾಯಿತು.

ಡಿಪೋ ಸಾಹೇಬರು ನೋಡಿಬಿಟ್ಟರು. ಮಾರ್ಚ್ ಎರಡರವರೆಗೆ ಮತ್ತೆ ರಜೆಯಂತೆ. ಆ ದಿನ ನಾನಾಗಿ ಹತ್ತಿದರೆ ಬಸ್ಸಿನ ಮೇಲೆ ಲೈನ್ ಡ್ಯೂಟಿ. ಇಲ್ಲವಾದರೆ ಪರ್ಮನೆಂಟಾಗಿ ಆಫೀಸ್ ಕುರ್ಚಿ. ಕುರ್ಚಿ ನನಗೆ ಬೇಡ. ಜನರ ಜೊತೆ ಜಗಳವಾಡದಿದ್ದರೆ ನನಗೆ ಊಟ ಸೇರುವುದಿಲ್ಲ. ಹತ್ತೇ ಹತ್ತುತ್ತೇನೆ.

ಜನವರಿ 9

ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ಕೀಲು ಶಾಂತವಾಗಿದೆ, ಸ್ನಾಯು ಕರಗಿದೆ ಅಂದರು. "ತೂಕ ಅಷ್ಟೇ ಐತಲ್ಲ ಸಾರ್?" ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದಿದೆಯಂತೆ. ಈ ಕಾಯಿಲೆಯೇ ಸ್ನಾಯು ತಿನ್ನುತ್ತದೆ. ಕೂತು ಗಂಜಿ ಕುಡಿದದ್ದಕ್ಕೆ ಉಳಿದದ್ದೂ ಹೋಯಿತು.

ಅಲ್ಲೇ ವ್ಯಾಯಾಮ ಕಲಿಸುವ ಫಿಸಿಯೋ ದೀಪಿಕ, "ಕೈ ಊರ್ದೆ ಕುರ್ಚಿಯಿಂದ ಏಳಿ ಮೇಡಂ" ಅಂದಳು. ಆಗಲಿಲ್ಲ. "ಏಳ್ತೀರ. ನಾನು ಬಿಡಲ್ಲ." ಇಂಥ ದಿಮಾಕಿನ ಹುಡುಗಿ ನನಗಿಷ್ಟ. ಮೊಟ್ಟೆ, ಕಾಳು ತಿನ್ನಬೇಕಂತೆ. ಭಾರ ಎತ್ತಬೇಕಂತೆ.

ಮನೆಯಲ್ಲಿ ಅವ್ವನ ರಂಪ. "ನೋವಿರೋಳ್ ಕೈಲಿ ಭಾರ ಎತ್ತುಸ್ತಾರಾ? ಅವ್ಳಿಗೇನ್ ಕರುಳಿಲ್ವಾ?"

"ಕೂರ್ಸಿದ್ದೇ ತಪ್ಪಂತೆ ಕಣವ್ವ."

ಅವ್ವ ಎದ್ದು ಒಳಗೆ ಹೋದಳು. ಊಟ ಮಾಡಲಿಲ್ಲ. ಹೇಳಿದ್ದಕ್ಕೆ ಸಂಕಟ... ಆದರೆ ಹೇಳದಿದ್ದರೆ ಮತ್ತೆ ಗಂಜಿ.

ಜನವರಿ 22

ತೊಡೆಯೆಲ್ಲ ಉರಿ. ಕುರ್ಚಿಯಿಂದ ಎದ್ದು ಕೂತು, ಎದ್ದು ಕೂತು. ನಾನು ಬಿದ್ದರೆ ಹಿಡಿಯಲು ಯಜಮಾನರು ಎದುರಿಗೆ ಕೈ ಚಾಚಿಕೊಂಡೇ ನಿಂತಿರುತ್ತಾರೆ. "ಕೈ ಕಟ್ಕೊಂಡ್ ನಿಂತ್ಕಳಿ, ನಾನೇನ್ ಕೂಸಾ?" ಅಂದೆ. ಪಾಪ, ಕಟ್ಟಿಕೊಂಡರು. ಮೊಟ್ಟೆ ನಾನೇ ಬೇಯಿಸಿಕೊಂಡೆ. ಅವ್ವ ಮುಖ ತಿರುಗಿಸಿದಳು.

ಫೆಬ್ರವರಿ 3

ಮುದ್ದೆಗೆ ರಾಗಿ ಹಿಟ್ಟು ನಾನೇ ಕೋಲು ಹಿಡಿದು ತೊಳಸಿದೆ. ಅವ್ವ ಕೋಲು ಕಿತ್ತುಕೊಳ್ಳಲು ಬಂದಳು. ಬಿಡಲಿಲ್ಲ. ಮುದ್ದೆ ತುಂಬ ಗಂಟು.

"ಒಸಾ ಸೊಸೆ ತೊಳ್ಸ್‌ದಂಗೈತೆ" ಅಂದಳು. ಆದರೂ ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡಳು. ಅವರೆಕಾಳು ಸಾರು. ಯಾರಿಗೂ ವಾಯು ಬರಲಿಲ್ಲ!

ಫೆಬ್ರವರಿ 16

ಮತ್ತೆ ಮಂಡಿ ಊದಿದೆ. ಹೆದರಿದೆ, ಸುಳ್ಳೇಕೆ. ದೀಪಿಕ ಫೋನಿನಲ್ಲಿ — "ಊತ ಇಳಿಯೋವರೆಗೂ ಕಮ್ಮಿ ಮಾಡಿ, ನಿಲ್ಲಿಸ್ಬೇಡಿ." ಅವ್ವ ಈ ಸಲ ಮಲಗು ಅನ್ನಲಿಲ್ಲ. ವ್ಯಾಯಾಮದ ಕುರ್ಚಿ ತಂದಿಟ್ಟು ಹೋದಳು.

ಮಾರ್ಚ್ 2, ಸೋಮವಾರ

ಹತ್ತಿದೆ! ಎಲ್ಲರಂತೆ ಕಂಬಿ ಹಿಡಿದು, ನಾನೇ. ಸಾಹೇಬರು ತಲೆಯಾಡಿಸಿದರು. ಕೆಂಪರಾಜು ಹಾರ್ನ್ ಹೊಡೆದದ್ದೇ ಹೊಡೆದದ್ದು.

ನಮ್ಮೂರು ಕೆರಗೋಡಿನ ಸ್ಟಾಪಿನಲ್ಲಿ ಅವ್ವ. ಒಳ್ಳೆ ಸೀರೆ ಉಟ್ಟಿದ್ದಾಳೆ. ಎಲ್ಲರೂ ಹತ್ತಿದರು. ಅವಳು ಕೆಳಗೇ ನಿಂತಳು.

"ಕೈ ಕೊಡವ್ವ" ಅಂದಳು.

ಕಂಬಿ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ. ಮೈ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟಳು. ಮೊಣಕೈ ಹಿಡಿದು ಎಳೆದೆ. ಬಂದಳು.

"ಎಲ್ಗವ್ವ?"

"ಎಲ್ಗೂ ಇಲ್ಲ. ಮಂಡ್ಯಗಂಟ ಓಗಿ ನಿನ್ ಬಸ್ಸಲ್ಲೇ ವಾಪಸ್ ಬತ್ತೀನಿ. ಟಿಕೆಟ್ ಕೊಡು."

ಹೆಂಗಸರಿಗೆ ಫ್ರೀ. ಮಷಿನ್ ಒತ್ತಿದರಾಯಿತು. ಕಣ್ಣು ತುಂಬಿ ಬಟನ್ನೇ ಕಾಣಿಸಲಿಲ್ಲ. ಹಿಂದಿನಿಂದ ಯಾವನೋ, "ಬಿರ್ನೆ ಕೊಡಮ್ಮೋ!" ಅಂದ.

ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಅವನ ಕಡೆ ತಿರುಗಿ, "ಸುಮ್ಕಿರ್ಲಾ, ನನ್ ಮಗ್ಳು ಈಗ್ತಾನೆ ನನ್ನೇ ಎತ್ತವ್ಳೆ!" ಅಂದಳು.