ಕೋಲ್ಡ್ ಅಂದರೆ ನೆಗಡಿಯಲ್ಲ

ನವೆಂಬರ್ ೧೪, ಗುರುವಾರ. ಗಾಲ್ವೇ, ಮಕ್ಕಳ ವಾರ್ಡು.

ನನ್ನ ಮಗಳು ಇಂಚರ ನಿದ್ದೆ ಮಾಡುತ್ತಿದ್ದಾಳೆ. ಉಸಿರಾಡುತ್ತಿದ್ದಾಳಾ ಎಂದು ಮತ್ತೆ ಮತ್ತೆ ಬಗ್ಗಿ ನೋಡುತ್ತೇನೆ.

ಬೆಳಿಗ್ಗೆ ನಾನು ಪಾರ್ಕ್‌ಮೋರ್‌ನ ಆಫೀಸಿನಲ್ಲಿದ್ದಾಗ, ಮಗುವನ್ನು ನೋಡಿಕೊಳ್ಳುವ ಬಿರೂತೆ ಮೆಸೇಜ್ ಕಳಿಸಿದಳು: ‘ಬೇಬಿ ವೆರಿ ಕೋಲ್ಡ್.’ ನೆಗಡಿ ಅಂದುಕೊಂಡೆ. ಇಲ್ಲಿನವರ ಹಾಗೆ ‘ದಟ್ಸ್ ಗ್ರ್ಯಾಂಡ್, ಪರವಾಗಿಲ್ಲ, ಸಂಜೆ ಸಿರಪ್ ತರುತ್ತೇನೆ’ ಎಂದು ಉತ್ತರಿಸಿ ಮೀಟಿಂಗಿಗೆ ಹೋದೆ. ಹೊರಗೆ ಬಂದಾಗ ಅವಳೇ ಫೋನಿನಲ್ಲಿ ಅಳುತ್ತಿದ್ದಳು.

‘ಶಾಲ್ತಾ! ನಾಟ್ ನೋಸ್! ಹ್ಯಾಂಡ್, ಫೇಸ್, ಆಲ್ ಕೋಲ್ಡ್! ಆಂಬುಲೆನ್ಸ್ ಕಮಿಂಗ್!’

ಮಗು ನಿನ್ನೆ ರಾತ್ರಿ ಊಟ ಮಾಡಿರಲಿಲ್ಲ, ಬೆಳಿಗ್ಗೆಯೂ ಏನೂ ತಿಂದಿರಲಿಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಿತ್ತಂತೆ. ‘ಇನ್ನು ಸ್ವಲ್ಪ ತಡವಾಗಿದ್ದರೆ’ ಎಂದು ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ನಿಲ್ಲಿಸಿದರು.

ಕಾರಿಡಾರಿನಲ್ಲಿ ಬಿರೂತೆ ವಿವರಿಸಿದಳು. ಅವರ ಲಿಥುವೇನಿಯನ್ ಮಾತಿನಲ್ಲಿ ಮೈ ತಣ್ಣಗಿದ್ದರೆ ಶಾಲ್ತಾ, ಮೂಗು ಸೋರಿದರೆ ಸ್ಲೋಗಾ. ಇಂಗ್ಲಿಷಿನಲ್ಲಿ ಎರಡಕ್ಕೂ ಕೋಲ್ಡ್ ಎಂಬ ಒಂದೇ ಪದ ಎಂದು ಅವಳಿಗೆ ಗೊತ್ತಿರಲಿಲ್ಲ. ‘ಸಾರಿ, ಸಾರಿ’ ಎನ್ನುತ್ತಲೇ ಇದ್ದಳು. ನನ್ನ ಮಗುವನ್ನು ಉಳಿಸಿದವಳು ನನ್ನ ಕ್ಷಮೆ ಕೇಳುತ್ತಿದ್ದಳು. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಡಬ್ಲಿನ್‌ನಿಂದ ಹೊರಟಿರುವ ನನ್ನ ಗಂಡ ಸುಮಂತ್ ಆಗಲೇ ಫೋನ್ ಮಾಡಿದ್ದ. ‘ಡಾಕ್ಟ್ರು ಪರ್ವಾಗಿಲ್ಲ ಅಂದ್ರಲ್ಲ, ನೀನು ಸ್ವಲ್ಪ ಮಲ್ಕೊಳ್ಳೇ’ ಅಂದ. ಹೇಗೆ ಮಲಗಲಿ? ಇಂಚರಳ ಅಂಗಾಲಿನಿಂದ ಕೈ ತೆಗೆದರೆ ಸಾಕು, ಮತ್ತೆ ತಣ್ಣಗಾಗಿಬಿಟ್ಟರೆ ಎಂದು ಭಯವಾಗುತ್ತದೆ.